ರೋಮನರ ಮುಖಭಾಂಡಗಳೂ ಅಸ್ಥಿಸಂಚಯನವೂ

ರೋಮ್ ಚಕ್ರಾಧಿಪತ್ಯದ ವಾಯವ್ಯ ಗಡಿನಾಡುಗಳಲ್ಲಿ, ಎಂದರೆ ರೈನ್ ನದಿಯ ದಡದ ದಂಡಿನ ಪಾಳೆಯಗಳಲ್ಲಿಯೂ ಬ್ರಿಟನ್ ದ್ವೀಪದ ಪಟ್ಟಣಗಳಲ್ಲಿಯೂ, ಕ್ರಿಸ್ತಶಕದ ಮೊದಲ ನಾಲ್ಕು ಶತಮಾನಗಳಿಗೆ ಸೇರಿದ ವಿಲಕ್ಷಣವಾದ ಒಂದು ಬಗೆಯ ಮಣ್ಣಿನ ಪಾತ್ರೆ ಭೂಶೋಧಕರಿಗೆ ದೊರೆಯುತ್ತ ಬಂದಿದೆ. ಆಕಾರದಲ್ಲಿ ಅದು ಸಾಮಾನ್ಯವಾದ ಗಡಿಗೆಯೇ. ಅಗಲವಾದ ಬಾಯಿ, ಗಿಡ್ಡನೆಯ ಕಂಠ, ಉಬ್ಬಿದ ಹೊಟ್ಟೆ, ಕಿರಿದಾದ ಬುಡ. ಬೆಂಕಿಯ ಮೇಲಿಟ್ಟರೆ ಯಾರೂ ಅದನ್ನು ಎರಡನೆಯ ಸಲ ನೋಡಲಾರರು. ವೈಲಕ್ಷಣ್ಯವೆಲ್ಲ ಅದರ ಹೆಗಲಿನ ಮೇಲಿದೆ. ಪಾತ್ರೆಯನ್ನು ತಿಗುರಿಯಿಂದ ಇಳಿಸಿದ ಮೇಲೆ ಕುಂಬಾರನು ಹಸಿಮಣ್ಣಿನ ಎಳೆಯನ್ನು ಅಂಟಿಸಿ ಹುಬ್ಬುಗಳನ್ನು ಮಾಡಿದ್ದಾನೆ. ಆ ಹುಬ್ಬುಗಳು ಎಷ್ಟೋ ಸಲ ನಡುವೆ ಕೂಡಿಕೊಂಡು ಕೆಳಕ್ಕಿಳಿದು ಮೂಗಾಗುತ್ತವೆ. ಎರಡು ಸಣ್ಣ ಮಣ್ಣುಂಡೆಗಳನ್ನು ಒತ್ತಿ ನಡುವೆ ಗೀರೆಳೆದರೆ ಕಣ್ಣುಗಳಾದವು; ಅವು ನೋಟಕ್ಕೆ ಕಾಫಿಬೀಜವನ್ನು ಹೋಲುತ್ತವೆಯೆಂದು ಭೂಶೋಧಕರು ಹೇಳುವುದುಂಟು. ಬಾಯಿ ಒಂದು ಸೀಳು. ಕೆಲವಕ್ಕೆ ಕಿವಿಗಳಿವೆ, ಕೆಲವಕ್ಕೆ ಇಲ್ಲ. ಕೆಲವಕ್ಕೆ ಗೀರುಗಳಿಂದ ಗಡ್ಡವನ್ನು ಸೂಚಿಸಿದೆ. ಬಾಯೇ ಇಲ್ಲದ ಮುಖಗಳೂ ಉಂಟು.

ಈ ಪಾತ್ರೆಗಳಿಗೆ ಜರ್ಮನ್ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದಲ್ಲಿಯೇ 'ಮುಖದ ಅಸ್ಥಿಕುಂಭ' ಎಂಬರ್ಥದ ಹೆಸರನ್ನು ಕೊಟ್ಟರು. ಇಂಗ್ಲಿಷಿನವರೂ ಬಹುಕಾಲ ಅದನ್ನೇ ಅನುಸರಿಸಿದರು. ಹೆಸರಿಗೆ ಕಾರಣವಿಲ್ಲದೆ ಇರಲಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಇಡಿಯಾಗಿ ನಿಂತಿರುವ ಮುಖಭಾಂಡಗಳಲ್ಲಿ ಬಹಳಷ್ಟು ಶ್ಮಶಾನಗಳಿಂದ ಬಂದವು. ಅವುಗಳೊಳಗೆ ಬೆಂದ ಎಲುಬಿನ ಚೂರುಗಳೂ ಬೂದಿಯೂ ಇದ್ದುವು. ಮುಖವುಳ್ಳ ಗಡಿಗೆಯೊಳಗೆ ಮನುಷ್ಯನ ಅಸ್ಥಿ ದೊರೆತರೆ ಆ ಮುಖವು ಸತ್ತವನದೇ ಎಂದು ಊಹಿಸುವುದು ಸಹಜ. ಹೀಗೆ ಹೆಸರಿನಿಂದ ಅರ್ಥವೂ ಅರ್ಥದಿಂದ ಸಿದ್ಧಾಂತವೂ ಹುಟ್ಟಿ, ಮುಖಭಾಂಡವೆಂದರೆ ಮೃತನ ಪ್ರತಿಕೃತಿಯನ್ನು ಹೊತ್ತ ಪ್ರೇತಪಾತ್ರೆ ಎಂಬ ಅಭಿಪ್ರಾಯವು ಸಾಮಾನ್ಯ ಗ್ರಂಥಗಳಲ್ಲಿ ಬೇರೂರಿತು. ಈ ಅಭಿಪ್ರಾಯವು ನಿಲ್ಲತಕ್ಕದ್ದೇ ಎಂಬುದನ್ನು ರೋಮನರ ಅಂತ್ಯಕ್ರಿಯೆ, ಅವರ ಭಾಷೆಯಲ್ಲಿ ಅಸ್ಥಿಪಾತ್ರೆಗಿದ್ದ ಹೆಸರು, ಪಾತ್ರೆಗಳು ದೊರೆತ ಸ್ಥಳ, ಇವುಗಳನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ವಿಚಾರಿಸಿದೆ.

ರೋಮನರಲ್ಲಿ ಹೂಳುವುದೇ ಪ್ರಾಚೀನವಾದ ಪದ್ಧತಿಯೆಂದೂ, ದೂರದೇಶದ ಯುದ್ಧಗಳಲ್ಲಿ ಮಡಿದು ಹೂಳಲ್ಪಟ್ಟವರ ಕಳೇಬರಗಳನ್ನು ಶತ್ರುಗಳು ಅಗೆದು ತೆಗೆಯುವರೆಂದು ತಿಳಿದ ಮೇಲೆ ದಹನವು ರೂಢಿಗೆ ಬಂತೆಂದೂ ಪ್ಲಿನಿ ಹೇಳುತ್ತಾನೆ. ಕಾರ್ನೀಲಿಯ ವಂಶದಲ್ಲಿ ಮೊದಲು ದಹನವನ್ನು ಬಯಸಿದವನು ಕ್ರಿ. ಪೂ. ೭೮ರಲ್ಲಿ ತೀರಿಕೊಂಡ ಸುಲ್ಲಾ; ತನ್ನ ವೈರಿಯಾದ ಮಾರಿಯಸನ ಶವವನ್ನು ತಾನೇ ಅಗೆಸಿದ್ದುದರಿಂದ ತನಗೂ ಅದೇ ಗತಿಯಾದೀತೆಂದು ಅವನು ಅಂಜಿದನಂತೆ. ಪ್ಲಿನಿಯ ಮಾತನ್ನು ಅಕ್ಷರಶಃ ತೆಗೆದುಕೊಳ್ಳುವಂತಿಲ್ಲ. ಕ್ರಿ. ಪೂ. ಐದನೆಯ ಶತಮಾನದ ನಡುವಿನದೆಂದು ಪ್ರಸಿದ್ಧವಾದ ದ್ವಾದಶಫಲಕಗಳ ಶಾಸನವು, ಸಿಸಿರೊ ಉದ್ಧರಿಸಿರುವಂತೆ, ಊರೊಳಗೆ ಹೆಣವನ್ನು ಹೂಳುವುದನ್ನೂ ಸುಡುವುದನ್ನೂ ಒಟ್ಟಿಗೇ ನಿಷೇಧಿಸುತ್ತದೆ. ಇಲ್ಲದ ಆಚಾರವನ್ನು ಯಾರೂ ನಿಷೇಧಿಸರು. ಎರಡೂ ಪದ್ಧತಿಗಳು ಜೊತೆಜೊತೆಯಾಗಿದ್ದು, ಗಣರಾಜ್ಯದ ಕಡೆಯ ಶತಮಾನಗಳಿಂದ ಕ್ರಿಸ್ತಶಕದ ಎರಡನೆಯ ಶತಮಾನದವರೆಗೆ ದಹನಕ್ಕೆ ಪ್ರಾಬಲ್ಯವಿತ್ತೆಂದು ತಿಳಿಯುವುದು ಯುಕ್ತ. ನಿಷೇಧದ ಫಲವಾಗಿ ಶ್ಮಶಾನಗಳೆಲ್ಲ ಊರ ಹೊರಗೆ ಹೆದ್ದಾರಿಗಳ ಎರಡು ಮಗ್ಗುಲಲ್ಲಿ ಬೆಳೆದುವು. ಗಡಿನಾಡಿನ ಪಾಳೆಯಗಳಲ್ಲಿಯೂ ಇದೇ ಕ್ರಮ ಕಂಡುಬರುತ್ತದೆ.

ಚಿತೆಯು ಆರಿದ ಮೇಲೆ ನಡೆಯತಕ್ಕ ಕಾರ್ಯವನ್ನು ಟಿಬುಲ್ಲಸನ ಹೆಸರಿನ ಸಂಗ್ರಹದಲ್ಲಿ ಸೇರಿರುವ ಒಂದು ಶೋಕಗೀತವು ವರ್ಣಿಸುತ್ತದೆ. ಕವಿಯು ತಾನು ಸತ್ತ ಬಳಿಕ ಪತ್ನಿಯೂ ಅವಳ ತಾಯಿಯೂ ಬಂದು ತನ್ನ ಅಸ್ಥಿಗಳನ್ನು ಆಯುವರೆಂದು ಕಲ್ಪಿಸಿಕೊಂಡಿದ್ದಾನೆ. ಅವರು ಮೊದಲು ಹಳೆಯ ದ್ರಾಕ್ಷಾಸವದಿಂದಲೂ ಅನಂತರ ಹಾಲಿನಿಂದಲೂ ಎಲುಬುಗಳನ್ನು ತೊಯ್ಸಿ, ನಾರುಬಟ್ಟೆಯಿಂದ ತೇವವನ್ನು ಒರಸಿ, ಒಣಗಿದ ಮೇಲೆ ಅಮೃತಶಿಲೆಯ ಮನೆಯಲ್ಲಿಡಬೇಕು. ವೈದಿಕ ಕರ್ಮವನ್ನು ಬಲ್ಲವರಿಗೆ ಇದನ್ನು ಓದುವಾಗ ಆಶ್ವಲಾಯನ ಗೃಹ್ಯಸೂತ್ರದ ಸಂಚಯನ ಪ್ರಕರಣವು ನೆನಪಿಗೆ ಬರುವುದು. ಅಲ್ಲಿಯೂ ಹಾಲು ಬೆರೆಸಿದ ನೀರನ್ನು ಶಮೀಶಾಖೆಯಿಂದ ಪ್ರೋಕ್ಷಿಸಿ, ಅಂಗುಷ್ಠ ಮತ್ತು ಅನಾಮಿಕಾಗಳಿಂದ ಒಂದೊಂದೇ ಅಸ್ಥಿಯನ್ನು ಸದ್ದಾಗದಂತೆ ಕುಂಭದಲ್ಲಿಡಬೇಕೆಂದು ವಿಧಿಯಿದೆ. ಕ್ರಮವೂ ನಿಯತವಾದುದು: ಪಾದದ ಅಸ್ಥಿಗಳು ಮೊದಲು, ಶಿರಸ್ಸು ಕಡೆಗೆ. ಹೀಗಿಡುವುದರಿಂದ ಕುಂಭದೊಳಗೆ ಪುರುಷನು ಮತ್ತೆ ಎದ್ದು ನಿಂತಂತಾಗುತ್ತದೆ. ಪಾತ್ರೆಯ ಬಾಯ ಬಳಿ ತಲೆ, ಬುಡದಲ್ಲಿ ಕಾಲು.

ಆದರೆ ಪ್ರಕೃತಕ್ಕೆ ಮುಖ್ಯವಾದುದು ಸೂತ್ರಕಾರನು ಕುಂಭಕ್ಕೆ ಕೊಟ್ಟಿರುವ ವಿಶೇಷಣ. ಪುರುಷನ ಅಸ್ಥಿಗಳಿಗೆ ಲಕ್ಷಣರಹಿತವಾದ ಕುಂಭವೂ ಸ್ತ್ರೀಯ ಅಸ್ಥಿಗಳಿಗೆ ಲಕ್ಷಣರಹಿತವಾದ ಕುಂಭಿಯೂ ಇರಬೇಕೆಂದು ಅವನು ನಿಯಮಿಸಿದ್ದಾನೆ. ಪಾತ್ರೆಗೆ ಲಿಂಗಭೇದವುಂಟು, ಗುರುತು ಮಾತ್ರ ಇರಬಾರದು. ಮೃತನಿಗೆ ಅಂಗಗಳು ಒದಗುವುದು ಸಂಚಯನದ ಕ್ರಮದಿಂದಲೂ ಮಂತ್ರದಿಂದಲೂ ಹೊರತು ಕುಂಬಾರನ ಕೈಯಿಂದಲ್ಲ. ಇವೆರಡು ಜನಾಂಗಗಳ ಆಚಾರಗಳಿಗೆ ಮೂಲದಲ್ಲಿ ಸಂಬಂಧವಿತ್ತೇ ಎಂಬ ಚರ್ಚೆಯು ಬೇರೆ. ಹಾಲಿನ ಸಾದೃಶ್ಯವೊಂದರಿಂದ ಅದನ್ನು ಸಾಧಿಸಹೊರಡುವುದು ಸಾಹಸವಾದೀತು. ಅಸ್ಥಿಯನ್ನು ಪೂಜ್ಯವಾಗಿ ಕಾಣುವ ಜನರೂ ಅದರ ಪಾತ್ರೆಯಲ್ಲಿ ಮೃತನ ರೂಪವನ್ನು ಬಯಸಲೇಬೇಕೆಂಬ ನಿರ್ಬಂಧವಿಲ್ಲ ಎಂಬಷ್ಟನ್ನೇ ಈ ಹೋಲಿಕೆಯಿಂದ ಗ್ರಹಿಸತಕ್ಕದ್ದು.

ಇನ್ನು ಹೆಸರಿನ ವಿಚಾರ. ಇಂದು ಯೂರೋಪಿನ ಭಾಷೆಗಳಲ್ಲಿ ಅಸ್ಥಿಪಾತ್ರೆಗೆ ರೂಢವಾಗಿರುವ ಮಾತು ಲ್ಯಾಟಿನಿನ 'ಉರ್ನಾ' ಎಂಬುದರಿಂದ ಬಂದದ್ದು. ಮೂಲದಲ್ಲಿ ಅದು ನೀರಿನ ಕೊಡ. ಶಬ್ದಶಾಸ್ತ್ರಜ್ಞನಾದ ವಾರೋ ಅದನ್ನು ನೀರಿಗೆ ಸಂಬಂಧಪಡಿಸಿಯೇ ವಿವರಿಸಿದ್ದಾನೆ. ಆಂಫೊರಾ ಎಂಬ ಅಳತೆಯಲ್ಲಿ ಅರ್ಧಕ್ಕೂ ಅದೇ ಹೆಸರು. ಚೀಟಿಯೆತ್ತುವ ಪಾತ್ರೆಗೂ ಅದೇ. ಕವಿಗಳು ಅಸ್ಥಿಪಾತ್ರೆಯೆಂಬ ಅರ್ಥದಲ್ಲಿ ಅದನ್ನು ಬಳಸಿರುವುದುಂಟು. ಆದರೆ ಸಾಮಾನ್ಯ ಜನರ ಸಮಾಧಿಗಳಲ್ಲಿ ಕಲ್ಲಿನ ಮೇಲೆ ಕೆತ್ತಿರುವ ಮಾತು 'ಒಲ್ಲಾ' ಎಂಬುದು. ರೋಮ್ ನಗರದ ಹೊರವಲಯದಲ್ಲಿ ಪಾರಿವಾಳದ ಗೂಡುಗಳಂತೆ ಸಾಲುಸಾಲಾಗಿ ಮಾಡಗಳುಳ್ಳ ಸಾಮೂಹಿಕ ಸಮಾಧಿಗೃಹಗಳಿವೆ. ಆಗಸ್ಟಸ್ ಚಕ್ರವರ್ತಿಯ ರಾಣಿಯಾದ ಲಿವಿಯಾಳ ಪರಿವಾರದವರ ಗೃಹವು ೧೭೨೬ರ ಸುಮಾರಿನಲ್ಲಿಯೂ ಪೊಂಪೋನಿಯಸ್ ಹಿಲಾಸನ ಹೆಸರಿನದು ೧೮೩೧ರಲ್ಲಿಯೂ ಬೆಳಕಿಗೆ ಬಂದುವು. ಇಂಥ ಗೃಹಗಳ ಶಾಸನಗಳಲ್ಲಿ ಇಂಥವನು ಇಂಥವನಿಗೆ ಎರಡು ಒಲ್ಲಾಗಳನ್ನು ಕೊಟ್ಟನು, ಮಾರಿದನು, ಎಂಬ ರೀತಿಯ ಒಕ್ಕಣೆಯು ಸಾಧಾರಣ. ಒಲ್ಲಾ ಎಂದರೆ ಏನು? ಅಡುಗೆಯ ಗಡಿಗೆ. ಬೇಳೆ ಬೇಯಿಸುವುದಕ್ಕೂ ಅಜ್ಜನ ಅಸ್ಥಿಯನ್ನಿಡುವುದಕ್ಕೂ ರೋಮನರ ಬಡವರಲ್ಲಿ ಒಂದೇ ಪಾತ್ರೆ, ಒಂದೇ ಹೆಸರು. ಶ್ಮಶಾನಕ್ಕೆಂದೇ ಬೇರೆ ಮಾಡಿದ ಮಡಕೆಯಿರಬೇಕೆಂಬ ಭಾವನೆಯು ಅವರಲ್ಲಿ ಬಲವಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಿಲ್ಲ.

ಗಡಿನಾಡಿನ ಶ್ಮಶಾನಗಳಲ್ಲಿ ಕಂಡುಬರುವುದೂ ಇದೇ. ರೈನ್ ತೀರದಲ್ಲಿಯೂ ಬ್ರಿಟನ್ನಿನಲ್ಲಿಯೂ ಅಸ್ಥಿಗಳನ್ನಿಟ್ಟ ಪಾತ್ರೆಗಳಲ್ಲಿ ಹೆಚ್ಚಿನವು ಮುಖವಿಲ್ಲದ ಸಾಮಾನ್ಯ ಗಡಿಗೆಗಳು. ತಟ್ಟೆಯೊಂದನ್ನೋ ಇನ್ನೊಂದು ಮಡಕೆಯ ಬುಡವನ್ನೋ ಮುಚ್ಚಳವಾಗಿಟ್ಟು, ಪಕ್ಕದಲ್ಲಿ ಹೂಜಿ, ಕೆಂಪು ಬಟ್ಟಲು, ದೀಪ, ಕೆಲವೊಮ್ಮೆ ಒಂದು ನಾಣ್ಯ ಇವುಗಳನ್ನಿಟ್ಟು ಮಣ್ಣು ಮುಚ್ಚಿರುತ್ತಾರೆ. ಮುಖಭಾಂಡವು ಇಂಥ ಗೋರಿಗಳಲ್ಲಿ ವಿರಳ. ಇದಕ್ಕೆ ಪ್ರತಿಯಾಗಿ, ಮುಖಭಾಂಡಗಳ ಒಡಕು ಚೂರುಗಳು ಎಲ್ಲಿ ದೊರೆಯುತ್ತವೆಯೆಂದು ನೋಡಿದರೆ, ಅವು ಕೋಟೆಗಳ ಒಳಗಿನಿಂದಲೂ ಮನೆಗಳ ನೆಲದಿಂದಲೂ ಕಸದ ಗುಂಡಿಗಳಿಂದಲೂ ಬಂದಿವೆ. ಬ್ರಿಟನ್ನಿನ ಮುಖಭಾಂಡಗಳನ್ನು ಕುರಿತು ೧೯೮೪ರಲ್ಲಿ 'ಬ್ರಿಟಾನಿಯ' ಪತ್ರಿಕೆಯಲ್ಲಿ ವಿಸ್ತಾರವಾದ ಲೇಖನವನ್ನೂ, ಇಟಲಿಯನ್ನೂ ಪಶ್ಚಿಮ ಪ್ರಾಂತಗಳೆಲ್ಲವನ್ನೂ ಒಳಗೊಂಡು ೨೦೦೭ರಲ್ಲಿ ದೊಡ್ಡ ಗ್ರಂಥವನ್ನೂ ಪ್ರಕಟಿಸಿದ ಜಿಲಿಯನ್ ಬ್ರೇತ್‌ವೇಟ್ ಎಂಬ ವಿದುಷಿಯ ಸಂಗ್ರಹದಿಂದ ಈ ಸಂಗತಿಯು ನಿಸ್ಸಂದೇಹವಾಗಿದೆ. ಹಾಗಾದರೆ ಹಿಂದಿನವರು ಮೋಸಹೋದುದೇಕೆ? ಮನೆಯಲ್ಲಿ ಬಳಸಿದ ಗಡಿಗೆ ಒಡೆಯುತ್ತದೆ, ಒಡೆದದ್ದನ್ನು ಬಿಸಾಡುತ್ತಾರೆ, ಮುಖದ ಒಂದು ತುಣುಕು, ಅರ್ಧ ಮೂಗು ಅಥವಾ ಒಂದು ಕಣ್ಣು, ಸಾವಿರ ಚೂರುಗಳ ನಡುವೆ ಬಿದ್ದಿರುತ್ತದೆ. ಹೂಳಿಟ್ಟ ಗಡಿಗೆಯಾದರೋ ಇಡಿಯಾಗಿ ಉಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಸಂಗ್ರಾಹಕರು ಇಡಿಯಾದ ಪಾತ್ರೆಗಳನ್ನು ಬಯಸಿದರೇ ವಿನಾ ಚೂರುಗಳನ್ನು ಲೆಕ್ಕಿಸಲಿಲ್ಲ. ಶ್ಮಶಾನವು ಕಾಪಾಡಿದ್ದನ್ನು ಶ್ಮಶಾನಕ್ಕಾಗಿಯೇ ಮಾಡಿದ್ದೆಂದು ಎಣಿಸಿದ್ದರಿಂದ 'ಅಸ್ಥಿಕುಂಭ'ವೆಂಬ ಹೆಸರು ಹುಟ್ಟಿತು. ಈಗಿನ ಇಂಗ್ಲಿಷ್ ಲೇಖಕರು ಆ ಹೆಸರನ್ನು ಬಿಟ್ಟು 'ಮುಖದ ಮಡಕೆ' ಎಂಬರ್ಥದ ಮಾತನ್ನು ಹಿಡಿದಿರುವುದು ಉಚಿತವಾಗಿದೆ.

ಮೃತನ ಪ್ರತಿಕೃತಿಯೆಂಬ ವಾದವನ್ನು ಮುಖಗಳೇ ಖಂಡಿಸುತ್ತವೆ. ಗಡಿಗೆಯನ್ನು ಹಸಿಯಾಗಿದ್ದಾಗ ತಿದ್ದಿ ಆವಿಗೆಯಲ್ಲಿಟ್ಟು ಸುಡಬೇಕು. ಸಾವು ಕುಂಬಾರನ ಆವಿಗೆಯನ್ನು ಕಾಯುವುದಿಲ್ಲ. ಒಂದು ಪ್ರಾಂತದ ಮುಖಗಳೆಲ್ಲ ಒಂದೇ ಅಚ್ಚಿನವೆಂಬಷ್ಟು ಸಮಾನವಾಗಿದ್ದು ಇನ್ನೊಂದು ಪ್ರಾಂತದವುಗಳಿಂದ ಭಿನ್ನವಾಗಿವೆ. ಭೇದವು ಮನುಷ್ಯ ಮನುಷ್ಯನಿಗಲ್ಲ, ಆವಿಗೆ ಆವಿಗೆಗೆ. ಮೇಲಾಗಿ ರೈನ್ ತೀರದ ಕೆಲವು ಪಾತ್ರೆಗಳಲ್ಲಿ ಮುಖದ ಕೆನ್ನೆಗಳ ಮೇಲೆ ಶಿಶ್ನದ ಆಕೃತಿಯನ್ನು ಅಂಟಿಸಿದೆ. ತಂದೆಯ ಮುಖದಲ್ಲಿ ಇಂಥ ಅಲಂಕಾರವನ್ನು ಯಾವ ಮಗನೂ ಮಾಡಿಸನು. ಅದರ ಅರ್ಥವೂ ಗೂಢವಲ್ಲ. ಈ ಆಕೃತಿಯು ದೃಷ್ಟಿದೋಷವನ್ನು ಪರಿಹರಿಸುವುದೆಂದು ರೋಮನರು ದೃಢವಾಗಿ ನಂಬಿದ್ದರು. ಅದು ಶಿಶುಗಳನ್ನು ಮಾತ್ರವಲ್ಲದೆ ಸೇನಾಪತಿಗಳನ್ನೂ ಕಾಯುವುದೆಂದೂ, ವಿಜಯಯಾತ್ರೆಯ ರಥದ ಕೆಳಗೆ ಅದನ್ನು ತೂಗಹಾಕುವರೆಂದೂ ಪ್ಲಿನಿ ಬರೆದಿದ್ದಾನೆ. ಎರಡು ಮೂರು ಪುಟ್ಟ ಕೊಳವಿಬಾಯಿಗಳನ್ನು ಹೆಗಲಿನ ಮೇಲೆ ಹೊತ್ತ ಮುಖಭಾಂಡಗಳೂ ಉಂಟು. ಅಡುಗೆಗಾಗಲಿ ನೀರು ತುಂಬುವುದಕ್ಕಾಗಲಿ ಅವುಗಳಿಂದ ಪ್ರಯೋಜನವಿಲ್ಲವಾದುದರಿಂದ ಯಾವುದೋ ಪೂಜೆಯಲ್ಲಿ ಅವುಗಳ ವಿನಿಯೋಗವಿದ್ದಿರಬೇಕು.

ಪೂರ್ವಜರ ಮುಖಗಳನ್ನು ಕಾಪಾಡುವ ಆಚಾರವೇ ರೋಮನರಲ್ಲಿ ಇರಲಿಲ್ಲವೆಂದು ಇದರಿಂದ ತಿಳಿಯಬಾರದು. ಅಧಿಕಾರ ವಹಿಸಿದ ಕುಲೀನರ ಮುಖಗಳನ್ನು ಮೇಣದಲ್ಲಿ ತೆಗೆದು ಮನೆಯ ಮುಖಮಂಟಪದ ಕಪಾಟುಗಳಲ್ಲಿಡುತ್ತಿದ್ದರು. ವಂಶದಲ್ಲಿ ಯಾರಾದರೂ ತೀರಿಕೊಂಡಾಗ ಅವುಗಳನ್ನು ಧರಿಸಿದ ಜನರು ಶವದ ಮುಂದೆ ಮೆರವಣಿಗೆಯಲ್ಲಿ ನಡೆಯುತ್ತಿದ್ದರು. ಕ್ರಿ. ಪೂ. ಎರಡನೆಯ ಶತಮಾನದ ಗ್ರೀಕ್ ಚರಿತ್ರಕಾರನಾದ ಪೊಲಿಬಿಯಸನು ಇದನ್ನು ಕಂಡು ಬೆರಗಾಗಿ ವರ್ಣಿಸಿದ್ದಾನೆ. ಆದರೆ ಆ ಮೇಣದ ಮುಖಗಳು ಇದ್ದದ್ದು ಮನೆಯಲ್ಲಿ, ಸಮಾಧಿಯಲ್ಲಲ್ಲ. ಅವು ಯಾರವೆಂಬುದನ್ನು ಪಕ್ಕದ ಬರಹವು ಹೇಳುತ್ತಿತ್ತು. ಸತ್ತವನ ಮುಖವೂ ಹೆಸರೂ ಒಟ್ಟಿಗಿರಬೇಕೆಂಬುದು ರೋಮನರ ಮನೋಧರ್ಮ. ಗಡಿನಾಡಿನ ದಂಡಿನವರಲ್ಲಿಯೂ ಈ ಮನೋಧರ್ಮವೇ ಕಾಣುತ್ತದೆ. ೧೮೬೮ರಲ್ಲಿ ಬ್ರಿಟನ್ನಿನ ಕೋಲ್ಚೆಸ್ಟರಿನಲ್ಲಿ ಇಪ್ಪತ್ತನೆಯ ಲೀಜನ್ನಿನ ಶತಾಧಿಪತಿಯಾದ ಮಾರ್ಕುಸ್ ಫಾವೋನಿಯುಸ್ ಫಾಕಿಲಿಸ್ ಎಂಬವನ ಸ್ಮಾರಕಶಿಲೆಯು ದೊರೆಯಿತು. ಅಧಿಕಾರದ ದ್ರಾಕ್ಷಾದಂಡವನ್ನು ಹಿಡಿದು ಕವಚವನ್ನು ತೊಟ್ಟು ಅವನು ಪೂರ್ಣಾಕಾರವಾಗಿ ನಿಂತಿದ್ದಾನೆ. ಕೆಳಗೆ ಹೆಸರು, ತಂದೆಯ ಹೆಸರು, ಕುಲ, ಪದವಿ. ವೆರೆಕುಂಡುಸ್, ನೋವಿಕಿಯುಸ್ ಎಂಬ ವಿಮುಕ್ತದಾಸರಿಬ್ಬರು ಆ ಕಲ್ಲನ್ನು ನಿಲ್ಲಿಸಿದರೆಂಬ ಉಲ್ಲೇಖ. ಸಮೀಪದಲ್ಲಿಯೇ ಬೆಂದ ಅಸ್ಥಿಗಳಿದ್ದ ಸೀಸದ ಕರಂಡವೊಂದು ಸಿಕ್ಕಿತು. ಅದು ಅವನದೇ ಇರಬೇಕೆಂದು ಬಹುಮಂದಿಯ ಅಭಿಪ್ರಾಯ. ಕರಂಡದ ಮೇಲೆ ಮುಖವಿಲ್ಲ. ಮುಖಕ್ಕೆ ಸ್ಥಾನ ಕಲ್ಲಿನಲ್ಲಿ, ಹೆಸರಿನ ಮೇಲೆ. ಅಸ್ಥಿಗೆ ಸ್ಥಾನ ಗುರುತಿಲ್ಲದ ಪಾತ್ರೆಯಲ್ಲಿ. ಮುಖಭಾಂಡಗಳ ಮುಖಕ್ಕಾದರೋ ಹೆಸರೇ ಇಲ್ಲ.

ಮೃತನ ಮುಖವನ್ನೇ ಪಾತ್ರೆಗೆ ಕೊಟ್ಟ ಜನರು ಪ್ರಾಚೀನ ಯೂರೋಪಿನಲ್ಲಿ ಇಲ್ಲದಿರಲಿಲ್ಲ. ಅವರ ಪಾತ್ರೆಗಳನ್ನು ನೋಡಿದರೆ ವ್ಯತ್ಯಾಸವು ತಾನಾಗಿ ತಿಳಿಯುತ್ತದೆ. ಇಟಲಿಯ ಕ್ಯೂಸಿ ಎಂಬಲ್ಲಿ ಎಟ್ರಸ್ಕರು ಕ್ರಿ. ಪೂ. ಏಳು ಮತ್ತು ಆರನೆಯ ಶತಮಾನಗಳಲ್ಲಿ ಅಸ್ಥಿಕುಂಭಕ್ಕೆ ಮನುಷ್ಯನ ತಲೆಯನ್ನೇ ಮುಚ್ಚಳವಾಗಿ ಮಾಡಿದರು. ಕೆಲವಕ್ಕೆ ತೋಳುಗಳನ್ನು ಕೊಟ್ಟು, ಕಂಚಿನ ಅಥವಾ ಸುಟ್ಟಮಣ್ಣಿನ ಪೀಠದ ಮೇಲೆ ಯಜಮಾನನಂತೆ ಕುಳ್ಳಿರಿಸಿದರು. ಇದು ನಿಜವಾದ ಪ್ರೇತಪ್ರತಿಮೆ. ಇವಕ್ಕೆ ರೂಢವಾಗಿರುವ 'ಕನೋಪಿಕ್' ಎಂಬ ಹೆಸರು ಮಾತ್ರ ಈಜಿಪ್ಟಿನ ಒಳಾಂಗಗಳ ಭರಣಿಗಳಿಂದ ಎರವಲು ತಂದದ್ದು. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಬಾಲ್ಟಿಕ್ ಸಮುದ್ರದ ದಕ್ಷಿಣಕ್ಕೆ, ಈಗಿನ ಪೋಲೆಂಡಿನ ಉತ್ತರ ಭಾಗದಲ್ಲಿ, ಕಿವಿಯೋಲೆಗಳನ್ನು ತೊಟ್ಟ ಮುಖಗಳುಳ್ಳ ಅಸ್ಥಿಕುಂಭಗಳು ಅದಕ್ಕಿಂತ ಸ್ವಲ್ಪ ಈಚಿನ ಕಾಲದಲ್ಲಿ ಪ್ರಚಾರದಲ್ಲಿದ್ದು, ಕ್ರಿಸ್ತನಿಗೆ ಬಹುಮುಂಚೆಯೇ ನಿಂತುಹೋದುವು. ರೈನ್ ತೀರದ ಮುಖಗಳಿಗೂ ಇವಕ್ಕೂ ನಡುವೆ ಕಾಲದ ದೊಡ್ಡ ಬಿರುಕಿದೆ. ಹೆಸರಿನ ಸಾಮ್ಯವೊಂದರಿಂದ ಅದನ್ನು ದಾಟುವಂತಿಲ್ಲ. ಮಡಕೆಯ ಮುಖದಲ್ಲಿ ತಮಗೆ ಬೇಕಾದದ್ದನ್ನು ಓದಿಕೊಳ್ಳುವವರ ಕಥೆಗಳಲ್ಲಿ ಶ್ಲೀಮನ್ನನದು ಪ್ರಸಿದ್ಧವಾದುದು. ೧೮೭೧ರಿಂದ ೧೮೭೩ರವರೆಗೆ ಟ್ರಾಯ್ ನಗರದ ದಿಬ್ಬವನ್ನು ಅಗೆದಾಗ ಅವನಿಗೆ ಮುಖವುಳ್ಳ ಮಡಕೆಗಳು ದೊರೆತುವು. ಹೋಮರನು ಅಥೀನಾ ದೇವಿಗೆ ಕೊಟ್ಟಿರುವ 'ಗ್ಲೌಕೋಪಿಸ್' ಎಂಬ ವಿಶೇಷಣಕ್ಕೆ ಗೂಬೆಯ ಮೋರೆಯವಳು ಎಂದು ಅರ್ಥಮಾಡಿ, ಆ ಮಡಕೆಗಳ ಮೇಲಿರುವುದು ಗೂಬೆಮೋರೆಯ ಅಥೀನಾ ಎಂದು ಅವನು ನಿರ್ಧರಿಸಿದನು. ಆ ಮಡಕೆಗಳು ಹೋಮರನಿಗಿಂತ ಸಾವಿರ ವರ್ಷಕ್ಕೂ ಹಿಂದಿನವು. ಅವುಗಳ ಮೇಲಿರುವುದು ಸರಳವಾದ ಮನುಷ್ಯಮುಖ.

ಹಾಗಾದರೆ ರೋಮನರ ಮುಖಭಾಂಡವು ಬಂದದ್ದೆಲ್ಲಿಂದ? ಇಟಲಿಯಲ್ಲಿ ಕ್ರಿಸ್ತಪೂರ್ವದ ಕಡೆಯ ಶತಮಾನದ ಹೊತ್ತಿಗೆ ತೆಳುಗೋಡೆಯ ಸಣ್ಣ ಪಾನಪಾತ್ರೆಗಳ ಮೇಲೆ ಮುಖಗಳನ್ನು ತಿದ್ದುವ ವಾಡಿಕೆಯಿತ್ತು. ಮೊದಲನೆಯ ಶತಮಾನದ ಪೂರ್ವಾರ್ಧದಲ್ಲಿ ರೈನ್ ತೀರದ ಸೇನಾನಿವೇಶಗಳಲ್ಲಿ, ಕ್ಸಾಂಟೆನ್ ಬಳಿಯ ವೆಟೆರಾ, ನೈಮೇಗೆನ್, ಕೊಲೋನ್ ಮೊದಲಾದೆಡೆಗಳಲ್ಲಿ, ದೊಡ್ಡ ಗಡಿಗೆಗಳ ಮೇಲೆ ಮುಖವು ಕಾಣಿಸಿಕೊಳ್ಳುತ್ತದೆ. ಆ ಕಾಲದ ಲೀಜನ್ನುಗಳಲ್ಲಿ ಇಟಲಿಯ ಉತ್ತರ ಭಾಗದಿಂದ ಬಂದ ಭಟರು ಬಹಳ ಮಂದಿ ಇದ್ದರು. ಕ್ರಿ. ಶ. ೪೩ರಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ಸೇನೆಯು ಬ್ರಿಟನ್ನನ್ನು ಹೊಕ್ಕಿತು; ಮುಖಭಾಂಡವೂ ಅದರ ಬೆನ್ನಿಗೇ ಹೊಕ್ಕಿತು. ಕೋಲ್ಚೆಸ್ಟರಿನಲ್ಲಿ ಮೊದಲು ಲೀಜನ್ನಿನ ಕೋಟೆಯೂ ೪೯ರಲ್ಲಿ ನಿವೃತ್ತ ಭಟರ ಪಟ್ಟಣವೂ ಆದುವು. ಮುಖಭಾಂಡಗಳ ಸಂಗ್ರಹಕ್ಕೆ ಆ ಊರಿನ ವಸ್ತುಸಂಗ್ರಹಾಲಯವು ಇಂದೂ ಹೆಸರಾಗಿದೆ. ಲಂಡನ್ನಿನಲ್ಲಿಯೂ ವೆರುಲಾಮಿಯಮ್ಮಿನಲ್ಲಿಯೂ ಆ ಪ್ರಾಂತದ ಬಿಳಿಮಣ್ಣಿನಿಂದ ಮಾಡಿದ ಮುಖಗಳು ದೊರೆಯುತ್ತವೆ. ಮುಖವು ದಂಡಿನ ದಾರಿಯನ್ನು ಹಿಡಿದು ನಡೆದಿದೆ. ಇದರಿಂದ ಬ್ರೇತ್‌ವೇಟರು ಮುಖಭಾಂಡವನ್ನು ಗಡಿಗಳಿಗೆ ಕೊಂಡೊಯ್ದವರು ಭಟರೇ ಎಂದು ತೀರ್ಮಾನಿಸಿದ್ದಾರೆ. ಇದು ಒಪ್ಪತಕ್ಕ ಮಾತು. ಆಯಾ ಪ್ರಾಂತದ ಕುಂಬಾರರು ಅದಕ್ಕೆ ತಮ್ಮ ತಮ್ಮ ಚರ್ಯೆಯನ್ನು ಕೊಟ್ಟುದು ಅನಂತರದ ಸಂಗತಿ.

ಆ ಮುಖವು ಯಾರದು ಎಂಬುದು ಉಳಿದ ಪ್ರಶ್ನೆ. ನಾಟಕದ ಮುಖವಾಡಗಳಿಗೂ ಅವುಗಳ ಅಧಿದೇವತೆಯಾದ ಬ್ಯಾಕಸನಿಗೂ ಸಂಬಂಧಪಡಿಸುವವರಿದ್ದಾರೆ. ಕೇವಲ ದೃಷ್ಟಿನಿವಾರಣೆಯ ಗುರುತೆನ್ನುವವರಿದ್ದಾರೆ. ಮುಖಭಾಂಡವನ್ನು ಹೆಸರಿಸಿ ಅದರ ಪ್ರಯೋಜನವನ್ನು ಹೇಳಿದ ಲ್ಯಾಟಿನ್ ಗ್ರಂಥ ಒಂದೂ ಇಲ್ಲ. ಹೀಗಿರಲು ಪಾತ್ರೆಯ ಮೇಲೆಯೇ ದೊರೆಯುವ ಅಕ್ಷರಗಳಿಗೆ ಹೆಚ್ಚಿನ ಬೆಲೆಯುಂಟು. ಬ್ರಿಟನ್ನಿನ ಲಿಂಕನ್ನಿನಲ್ಲಿ ಸಿಕ್ಕಿದ ಒಂದು ಮುಖಪಾತ್ರೆಯಲ್ಲಿ 'ಮರ್ಕ್ಯುರಿ ದೇವನಿಗೆ' ಎಂಬರ್ಥದ ಎರಡು ಮಾತುಗಳಿವೆ. ಎಕಾರವನ್ನು ಆ ಕಾಲದ ಕೈಬರಹದ ರೀತಿಯಲ್ಲಿ ಎರಡು ನೆಟ್ಟಗೆರೆಗಳಿಂದ ಬರೆದಿದೆ. ಮರ್ಕ್ಯುರಿಯು ವಾಣಿಜ್ಯದ ದೇವತೆ, ಮಾರ್ಗದ ದೇವತೆ. ಪ್ರೇತಗಳನ್ನು ಅಧೋಲೋಕಕ್ಕೆ ಕರೆದೊಯ್ಯುವವನೂ ಅವನೇ. ಇದೊಂದನ್ನೇ ಹಿಡಿದು ಮುಖಗಳೆಲ್ಲ ಮರ್ಕ್ಯುರಿಯವೆಂದು ಹೇಳುವುದು ದುಡುಕಾದೀತು. ಪಾತ್ರೆಯನ್ನು ದೇವನಿಗೆ ಅರ್ಪಿಸಿದನೆಂದ ಮಾತ್ರಕ್ಕೆ ಮುಖವು ದೇವನದಾಗಬೇಕಾಗಿಲ್ಲ. ಆದರೆ ಮುಖಪಾತ್ರೆಯು ದೇವತಾರ್ಪಣಕ್ಕೆ ಯೋಗ್ಯವಾದ ವಸ್ತುವೆಂದು ಒಬ್ಬ ರೋಮಕ ಪ್ರಜೆಯಾದರೂ ಎಣಿಸಿದ್ದನೆಂಬುದು ಇದರಿಂದ ಸಿದ್ಧವಾಗುತ್ತದೆ. ಪ್ರೇತಪ್ರತಿಕೃತಿಯ ವಾದಕ್ಕೆ ಇದು ಪ್ರತಿಕೂಲ. ಕೆನ್ನೆಯ ಮೇಲಣ ಚಿಹ್ನೆ, ಗುರಾಯಿಸಿ ನೋಡುವ ಕಣ್ಣುಗಳು, ಮನೆಯಲ್ಲಿಯೂ ಮಸಣದಲ್ಲಿಯೂ ಸಮಾನವಾದ ಬಳಕೆ, ಇವೆಲ್ಲವನ್ನೂ ಕೂಡಿಸಿ ನೋಡಿದರೆ ಒಂದೇ ಅರ್ಥವು ಎಲ್ಲಕ್ಕೂ ಒದಗುತ್ತದೆ: ಆ ಮುಖವು ಪಾತ್ರೆಯೊಳಗಿರುವುದನ್ನು ಕಾಯತಕ್ಕ ಯಾವುದೋ ದೇವತೆಯದು. ಒಳಗೆ ಧಾನ್ಯವಿದ್ದಾಗ ಧಾನ್ಯವನ್ನೂ ಮದ್ಯವಿದ್ದಾಗ ಮದ್ಯವನ್ನೂ ಅದು ಕಾಯ್ದಿತು. ಮನೆಯವನು ತೀರಿಕೊಂಡಾಗ ಆ ಗಡಿಗೆಯನ್ನೇ ಮಸಣಕ್ಕೆ ಒಯ್ದವರು ಅದರಿಂದ ಬೇರೆ ಕೆಲಸವನ್ನು ಬಯಸಲಿಲ್ಲ. ಮಡಕೆಗೆ ಬಾಯಿ, ಕಂಠ, ಹೊಟ್ಟೆ ಎಂಬ ಹೆಸರುಗಳು ಕನ್ನಡದಲ್ಲಿರುವಂತೆ ಲ್ಯಾಟಿನಿನಲ್ಲಿಯೂ ಇದ್ದುವು. ಗ್ರೀಕರು ಹಿಡಿಕೆಯನ್ನು ಕಿವಿಯೆಂದರು. ಇಷ್ಟು ಅಂಗಗಳುಳ್ಳ ವಸ್ತುವಿಗೆ ಕಣ್ಣನ್ನೂ ಕೊಡಬೇಕೆಂದು ಕುಂಬಾರನಿಗೆ ತೋರಿದ್ದು ಅಷ್ಟೇನೂ ವಿಚಿತ್ರವಲ್ಲ.

ಮಸಣಕ್ಕೆ ಒಯ್ದುದರಲ್ಲಿ ಇನ್ನೊಂದು ಸ್ವಾರಸ್ಯವೂ ಉಂಟು. ರೋಮನರು ವರ್ಷಕ್ಕೊಮ್ಮೆ ಫೆಬ್ರವರಿ ೧೩ರಿಂದ ೨೧ರವರೆಗೆ ಪಿತೃಗಳ ದಿನಗಳನ್ನು ಆಚರಿಸುತ್ತಿದ್ದರು. ಪಿತೃಗಳು ಬಯಸುವುದು ಅಲ್ಪವೆಂದು ಓವಿಡ್ ಕವಿಯು ಹೇಳಿ, ಹೆಂಚಿನ ಚೂರಿನ ಮೇಲಿಟ್ಟ ಹೂಮಾಲೆ, ಚೆಲ್ಲಿದ ಕಾಳು, ಒಂದು ಚಿಟಿಕೆ ಉಪ್ಪು, ದ್ರಾಕ್ಷಾಸವದಲ್ಲಿ ನೆನೆಸಿದ ರೊಟ್ಟಿ, ಬಿಡಿಹೂವುಗಳು ಇವನ್ನು ಎಣಿಸಿದ್ದಾನೆ. ಕೆಲವೆಡೆ ತರ್ಪಣವು ನೇರವಾಗಿ ಅಸ್ಥಿಗಳಿಗೆ ಮುಟ್ಟುವಂತೆ ನೆಲದ ಮೇಲಿನಿಂದ ಪಾತ್ರೆಯವರೆಗೆ ನಾಳವನ್ನಿಡುತ್ತಿದ್ದರು. ವೇಲ್ಸ್ ಪ್ರಾಂತದ ಕಾರ್ಲಿಯನ್ ಕೋಟೆಯ ಶ್ಮಶಾನದಲ್ಲಿ ಸೀಸದ ಕರಂಡಕ್ಕೆ ಸೀಸದ ನಾಳವನ್ನು ಜೋಡಿಸಿರುವುದು ಸಿಕ್ಕಿದೆ. ಸತ್ತವರು ಉಣ್ಣುವರು, ಕುಡಿಯುವರು ಎಂಬ ನಂಬಿಕೆಯಿದ್ದಲ್ಲಿ ಉಣ್ಣುವ ಪಾತ್ರೆಯೇ ಅಸ್ಥಿಯ ಪಾತ್ರೆಯಾಗುವುದರಲ್ಲಿ ಅನೌಚಿತ್ಯವಿಲ್ಲ.

ನಿಜವಾಗಿ ವ್ಯಕ್ತಿಯ ಮುಖವನ್ನು ಹೋಲುವ ಪಾತ್ರೆಗಳು ಬ್ರಿಟನ್ನಿನಲ್ಲಿ ಒಂದು ಕಡೆ, ಒಂದು ಕಾಲದಲ್ಲಿ ಹುಟ್ಟಿದುವು. ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಯು ೨೦೮ರಲ್ಲಿ ಬ್ರಿಟನ್ನಿಗೆ ಬಂದು ೨೧೧ರಲ್ಲಿ ಯಾರ್ಕ್ ಪಟ್ಟಣದಲ್ಲಿ ತೀರಿಕೊಂಡನು. ಅವನು ಆಫ್ರಿಕದಲ್ಲಿ ಹುಟ್ಟಿದವನು. ರಾಣಿ ಜೂಲಿಯಾ ಡೊಮ್ನಾ ಸಿರಿಯ ದೇಶದವಳು. ಆ ಕಾಲಕ್ಕೆ ಸೇರಿದ ಯಾರ್ಕಿನ ಪಾತ್ರೆಗಳಲ್ಲಿ ಮುಖವು ಹೆಗಲಿಗೆ ಅಂಟಿಕೊಂಡಿಲ್ಲ. ಇಡೀ ಪಾತ್ರೆಯೇ ತಲೆಯಾಗಿದೆ. ಅವುಗಳಲ್ಲೊಂದರ ಕೇಶರಚನೆಯು ನಾಣ್ಯಗಳಲ್ಲಿ ಕಾಣುವ ಜೂಲಿಯಾ ಡೊಮ್ನಾಳದನ್ನು ಹೋಲುವುದರಿಂದ ಅದು ಅವಳ ಪ್ರತಿಮೆಯೆಂದು ಪ್ರಸಿದ್ಧವಾಗಿದೆ. ಇಂಥ ಶಿರಃಪಾತ್ರೆಗಳು ಉತ್ತರ ಆಫ್ರಿಕದಲ್ಲಿಯೂ ದೊರೆಯುವುದರಿಂದ, ಆಫ್ರಿಕದಿಂದ ಬಂದ ಭಟರ ಜೊತೆಯಲ್ಲಿ ಕುಂಬಾರರೂ ಬಂದಿರಬೇಕೆಂದು ವಿವಿಯನ್ ಸ್ವಾನ್ ಎಂಬ ವಿದುಷಿಯು ಪ್ರತಿಪಾದಿಸಿದ್ದಾರೆ. ಈ ಪಾತ್ರೆಗಳ ಕಣ್ಣು, ಮೂಗು, ತುಟಿಗಳ ನಯವನ್ನು ನೋಡಿದವರಿಗೆ ಮುಖಭಾಂಡದ ಕುಂಬಾರನು ಪ್ರತಿಕೃತಿಯನ್ನು ಮಾಡಲು ಯತ್ನಿಸಲೇ ಇಲ್ಲವೆಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ.

ಕಡೆಯದಾಗಿ ಕಾಲಕ್ರಮದ ಸಾಕ್ಷ್ಯವೊಂದುಂಟು. ಎರಡು ಮೂರನೆಯ ಶತಮಾನಗಳಲ್ಲಿ ಚಕ್ರಾಧಿಪತ್ಯದ ಉದ್ದಗಲಕ್ಕೂ ದಹನವು ಹಿಂದಾಗಿ ಹೂಳುವ ಪದ್ಧತಿಯು ಮುಂದೆ ಬಂತು. ನಾಲ್ಕನೆಯ ಶತಮಾನದ ಬ್ರಿಟನ್ನಿನಲ್ಲಿ ಸುಡುವವರು ವಿರಳ. ಮುಖಭಾಂಡವು ಅಸ್ಥಿಕುಂಭವೇ ಆಗಿದ್ದ ಪಕ್ಷದಲ್ಲಿ ಅಸ್ಥಿಸಂಚಯನದೊಡನೆ ಅದೂ ಮಾಯವಾಗಬೇಕಾಗಿತ್ತು. ಹಾಗಾಗಲಿಲ್ಲ. ನಾಲ್ಕನೆಯ ಶತಮಾನದಲ್ಲಿಯೂ ಬ್ರಿಟನ್ನಿನ ಆವಿಗೆಗಳಿಂದ ಮುಖಗಳು ಹೊರಬರುತ್ತಲೇ ಇದ್ದುವು. ಆಕ್ಸ್‌ಫರ್ಡ್ ಪ್ರಾಂತದಲ್ಲಿಯೂ ಹ್ಯಾಡಮ್ ಎಂಬಲ್ಲಿಯೂ ಹೂಜಿಗಳ ಕುತ್ತಿಗೆಯ ಮೇಲೆ, ತಲೆಗೂದಲನ್ನು ಬಾಚಿ ಕಟ್ಟಿದ ಸ್ತ್ರೀಮುಖಗಳನ್ನು ಅಚ್ಚೊತ್ತುತ್ತಿದ್ದರು. ಅವು ಊಟದ ಮನೆಯ ಹೂಜಿಗಳು. ಐದನೆಯ ಶತಮಾನದಲ್ಲಿ ರೋಮ್ ಆಡಳಿತವು ಮುಗಿದು, ಆವಿಗೆಗಳು ಆರಿ, ಸಮುದ್ರದಾಚೆಯಿಂದ ಸ್ಯಾಕ್ಸನ್ನರೂ ಆಂಗ್ಲರೂ ಬಂದರು. ಅವರು ಹೆಣವನ್ನು ಸುಡುವವರು. ನಾರ್ಫಕ್ ಪ್ರಾಂತದ ಸ್ಪಾಂಗ್ ಹಿಲ್ ಎಂಬ ಒಂದೇ ಶ್ಮಶಾನದಲ್ಲಿ ಅವರ ಎರಡು ಸಾವಿರಕ್ಕೂ ಹೆಚ್ಚು ದಹನಗೋರಿಗಳನ್ನು ಭೂಶೋಧಕರು ಅಗೆದಿದ್ದಾರೆ. ಅಸ್ಥಿಕುಂಭವು ಬ್ರಿಟನ್ನಿಗೆ ಹೀಗೆ ಹಿಂದಿರುಗಿತು. ಅದರ ಹೊಟ್ಟೆಯ ಮೇಲೆ ಗೆರೆಗಳು, ಮುದ್ರೆಗಳು, ಉಬ್ಬುಗಳು ತುಂಬಿವೆ. ಒಂದೆರಡು ಅಪವಾದಗಳನ್ನು ಬಿಟ್ಟರೆ ಮುಖವು ಅದರ ಜೊತೆಗೆ ಹಿಂದಿರುಗಲಿಲ್ಲ.